ಗೆರೆ ತೋರಿಸಿದವರಿಗೆ ಸಾಮಾನು

“ಏ, ದೂರ ನಿಂದ್ರ, ದೂರ! ಗ್ರಿಲ್ಲಿಗೆ ಮೈ ಹಚ್ಚಬ್ಯಾಡ. ಮಿಷನ್ನಿಗೆ ಕಣ್ಣದಾವ, ಅಲ್ಲಿಂದೇ ಕಾಣ್ತದ. ಕೈ ಎತ್ತಿ ಹಿಡಿ, ಬೋಸುಡಿ.”

ಅಯ್ಯಮ್ಮ ಕೈ ಎತ್ತಿ ಹಿಡಿದಳು. ಅವಳ ಬೆರಳಲ್ಲಿ ಖಾಲಿ ಚಹಾಪುಡಿ ಪಾಕೀಟಿನಿಂದ ಕತ್ತರಿಸಿದ ತುಂಡಿತ್ತು, ತುಂಡಿನ ಮೇಲೆ ಸಾಲು ಕರಿ ಗೆರೆಗಳು. ಬಜಾರದ ಕಿಟಕಿಯ ಒಳಗೆ ನಿಂತಿದ್ದ ವಿರುಪನಗೌಡ ಪಿಸ್ತೂಲಿನಂಥ ಮಿಷನ್ನು ಚಾಚಿದ. ಕೆಂಪು ಬೆಳಕು ಅವಳ ಮೊಣಕೈ ಮೇಲೆ ಅಲೆದಾಡಿ ಕಡೆಗೆ ಆ ಗೆರೆಗಳ ಮೇಲೆ ಬಿತ್ತು. ‘ಪೀಂ’ ಅಂದಿತು. ಗೌಡ ಹೊಸ ಪಾಕೀಟು ತಂದು ಗ್ರಿಲ್ಲಿನ ಸಂದಿಯಿಂದ ಹೊರಗೆ ಒಗೆದ. ಅಯ್ಯಮ್ಮ ಸೆರಗೊಡ್ಡಿ ಹಿಡಿದಳು. ಹಿಡಿಯದಿದ್ದರೆ ಮಣ್ಣಿಗೆ, ಮಣ್ಣಿಗೆ ಬಿದ್ದು ಒಡೆದದ್ದನ್ನು ಬದಲಿಸಿ ಕೊಡುವ ರೂಢಿ ಅಲ್ಲಿರಲಿಲ್ಲ.

“ರೊಕ್ಕ ಕಂಬಕ್ಕ ಹೊಡಿ” ಅಂದ ಗೌಡ. ಅಯ್ಯಮ್ಮನಿಗೆ ಫೋನಿಲ್ಲ. ಅವಳ ಪರವಾಗಿ ನಾನೇ ಹೋಗಿ, ಹೊರಗಿನ ದೀಪದ ಕಂಬಕ್ಕೆ ಹೊಡೆದಿದ್ದ ಚೌಕದ ಹಾಳೆಗೆ ಫೋನು ಹಿಡಿದು ರೊಕ್ಕ ಹಾಕಿದೆ.

ನಮ್ಮೂರು ದೋರನಹಳ್ಳಿಯ ಆಚೆ, ಕಾಲುವೆಯ ಕೆಳಗಿದೆ. ಕಾಲುವೆ ನೀರು ಬಂದ ಮೇಲೆ ಗೌಡನ ಅಪ್ಪನ ಜೋಳದ ಹೊಲ ಭತ್ತದ ಗದ್ದೆಯಾಯಿತು, ಮಗನ ಕಾಲಕ್ಕೆ ಗದ್ದೆಯ ಜೊತೆಗೆ ಅಕ್ಕಿ ಗಿರಣಿಯಾಯಿತು, ಗಿರಣಿಯ ಮಗ್ಗುಲಿಗೆ ಬಜಾರ ಎದ್ದಿತು. ನೀರು ನಮ್ಮ ಮಾದಿಗರ ಕೇರಿಯ ಪಕ್ಕದಿಂದಲೇ ಹರಿದು ಹೋಯಿತು. ಹೋಗುವಾಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಬಜಾರ ತೆರೆದ ದಿನ ನಾವೂ ಹೋಗಿದ್ದೆವು. ಬುಟ್ಟಿ ಹಿಡಿದು ಒಳಗೆ ತಿರುಗಿ, ಬೇಕಾದ್ದನ್ನು ಕೈಯಿಂದಲೇ ತೆಗೆದುಕೊಳ್ಳಬಹುದು ಅಂತ ಮೈಕಿನಲ್ಲಿ ಸಾರಿದ್ದರಲ್ಲ. ನಮ್ಮ ತಾಯಪ್ಪ ಕಾಕಾ ಒಂದು ಸೋಪು ಎತ್ತಿ ಮೂಸಿ ನೋಡಿ, ವಾಸನೆ ಹಿಡಿಸಲಿಲ್ಲವೆಂದು ವಾಪಸ್ಸು ಇಟ್ಟ. ಆವತ್ತು ಊರಿನವರು ಯಾರೂ ಸೋಪು ಕೊಳ್ಳಲಿಲ್ಲವಂತೆ. ಮರುದಿನ ಪಕ್ಕದ ಗೋಡೆ ಒಡೆಸಿ ಕಿಟಕಿ ಇಟ್ಟರು. ಜಾತಿ ಅಂತ ಬಾಯಿಬಿಟ್ಟರೆ ಕೇಸಾಗುತ್ತದೆಂದು ಗೌಡನಿಗೆ ಚೆನ್ನಾಗಿ ಗೊತ್ತು. ಅವನು ಹೇಳಿದ್ದೇ ಬೇರೆ.

“ನಿಮಗ ಓದಾಕ ಬರಲ್ಲ, ಸಾಮಾನ ಅದಲುಬದಲು ಮಾಡ್ತೀರಿ. ಖಾಲಿ ಪಾಕೀಟಿನ ಗೆರಿ ಕತ್ತರಿಸಿಕೊಂಡು ಬರ್ರಿ. ನಿಮಗ ಏನ್ ಬೇಕಂತ ಮಿಷನ್ ಹೇಳ್ತದ. ನಿಮಗೂ ಸಸಾರ, ನನಗೂ ಸಸಾರ.”

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಬಜಾರದ ಬೋರ್ಡು ಬರೆಸುವಾಗ ಗೌಡ ಎಲ್ಲೆಲ್ಲಿ ತಪ್ಪಿದ್ದಾನೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಹೇಳಿ ಏನು ಮಾಡುವುದು, ಚಹಾಪುಡಿ ಕಿಟಕಿಯಲ್ಲಿತ್ತು.

ಹಿಂದೆ ಗೌಡನ ಅಪ್ಪನ ಅಂಗಡಿಯಲ್ಲಿ ರೊಕ್ಕ ಹೊಸ್ತಿಲ ಮೇಲೆ ಇಡಬೇಕಿತ್ತು, ಮುದುಕ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ಈಗ ನೀರೂ ಬೇಡ. ಸಾಮಾನಿಗೆ ಉದ್ದ ಗೆರೆ, ರೊಕ್ಕಕ್ಕೆ ಚೌಕದ ಗೆರೆ. ಮುಟ್ಟದೆ ಮಾರುವುದಕ್ಕೆ ದೇಶದಲ್ಲಿ ಇಷ್ಟು ಚೆಂದದ ಯಂತ್ರ ಬಂದಿದೆಯೆಂದು ಪೇಟೆಯಲ್ಲಿರುವ ನಿಮಗೆ ಗೊತ್ತಿರಲಿಕ್ಕಿಲ್ಲ.

ಹೀಗಾಗಿ ಕೇರಿಯ ಪ್ರತಿ ಮನೆಯ ಮೊಳೆಗೂ ಒಂದು ದಾರ ಬಂತು. ಸೋಪಿನ ಗೆರೆ, ಬಿಸ್ಕೀಟಿನ ಗೆರೆ, ಕೊಬ್ಬರಿ ಎಣ್ಣೆಯ ಗೆರೆ ಪೋಣಿಸಿಟ್ಟ ದಾರ. ಬೆಂಕಿ ಕಡ್ಡಿ ಕೇಳಿದ ಹಾಗೆ ಒಬ್ಬರ ಮನೆಗೆ ಒಬ್ಬರು ಗೆರೆ ಕೇಳಲು ಹೋಗುತ್ತಿದ್ದೆವು. ಹೊಸ ಸೊಸೆ ಬಂದರೆ, “ತವರಿಂದ ಎಷ್ಟು ಗೆರಿ ತಂದಾಳ?” ಎಂದು ನಮ್ಮ ಕೇರಿಯ ಅಂಬವ್ವ ಚೇಷ್ಟೆ ಮಾಡುತ್ತಿದ್ದಳು. ಹೊಸದೇನಾದರೂ ತಿನ್ನಬೇಕು ಅನ್ನಿಸಿದರೆ ಮಾತ್ರ ಕಷ್ಟ. ಮೊದಲು ಊರಿನ ತಿಪ್ಪೆಯಲ್ಲಿ ಅದರ ಖಾಲಿ ಪಾಕೀಟು ಸಿಗಬೇಕು. ಅವರು ತಿಂದು ಬಿಸಾಡಿದ ಮೇಲೆಯೇ ನಮಗೆ ಕೊಳ್ಳುವ ಹಕ್ಕು.

ಕಣ್ಣು ಬಿಟ್ಟು ನೋಡಿದರೆ ಗೆರೆ ಇಲ್ಲದ್ದೇ ಇರಲಿಲ್ಲ. ಗುಳಿಗೆಯ ಹಾಳೆಯ ಮೇಲೆ ಇರುವೆ ಮುತ್ತಿದಂಥ ಸಣ್ಣ ಚೌಕ. ಶಹಾಪುರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕಟ್ಟಿಟ್ಟ ಅಂಡಿಗೆಗೂ ಗೆರೆಯ ಚೀಟಿ. ದನದ ಡಾಕ್ಟರು ಎಮ್ಮೆಯ ಕಿವಿಗೆ ಹೊಡೆದುಹೋದ ಹಳದಿ ಬಿಲ್ಲೆಯಲ್ಲೂ ಗೆರೆ. ನಮ್ಮ ಕೇರಿಯ ಕರೆಮ್ಮನ ಅಳಿಯ ಅಂಬ್ರಪ್ಪ ಕಡೇಚೂರಿನ ಕಾರ್ಖಾನೆಗೆ ಸೇರಿದಾಗ ಅವನ ಕೊರಳಿಗೂ ಒಂದು ಕಾರ್ಡು ಬಂತು. ಗೆರೆ ತೋರಿಸಿದರೆ ಗೇಟು ತೆರೆಯುತ್ತದಂತೆ. “ಆ ಗೇಟು ಜಾತಿ ಕೇಳಲ್ಲತ್ತಿ, ಹೊತ್ತು ಕೇಳ್ತದ. ಜರಾ ತಡ ಆದ್ರ ತೆರೆಯಲ್ಲ” ಎಂದು ಅತ್ತೆಗೆ ಹೇಳಿದ್ದ. ಅಂಬವ್ವ ಆ ಕಾರ್ಡು ಮುಟ್ಟಿ ನೋಡಿ, “ಎಮ್ಮಿಗೂ ಆತು, ಅಳಿಯಗೂ ಆತು, ನಮ್ಮ ಕಿವಿಗೂ ಒಂದು ಹೊಡಸ್ರಪ್ಪ” ಎಂದು ಎಲ್ಲರನ್ನೂ ನಗಿಸಿದ್ದಳು.

ಅಂಬ್ರಪ್ಪನ ಹೆಂಡತಿ ಬಸ್ಸಮ್ಮ ಈ ಸಲ ಯಾದಗಿರಿಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಹೆತ್ತವಳಿಗೆ ಫಿಟ್ಸ್ ಬಂತು. ಅವಳನ್ನು ಕಲಬುರಗಿಗೆ ಒಯ್ದರು, ಗಂಡನೂ ಜೊತೆಗೆ ಹೋದ. ಕೂಸು ಗಟ್ಟಿಯಿತ್ತು. ಅದನ್ನು ಅಜ್ಜಿ ಕರೆಮ್ಮನ ಕೈಗೆ ಕೊಟ್ಟು, ನರ್ಸಮ್ಮ ತನ್ನ ಹತ್ತಿರ ಉಳಿದಿದ್ದ ಹಾಲಿನ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟು, “ಇದು ಮುಗಿದ ಮೇಲೆ ನೀಲಿ ಡಬ್ಬಿಯದನ್ನು ತಗೊಳ್ಳಿ, ದನದ ಹಾಲು ಹಾಕಬೇಡಿ” ಎಂದು ಹೇಳಿ ಕಳಿಸಿದಳು.

ಪುಡಿ ಮುಗಿಯಿತು. ಕೇರಿಯಲ್ಲಿ ಹಾಲೂಡಿಸುವ ಹೆಣ್ಣೆಂದರೆ ತಿಮ್ಮವ್ವ ಒಬ್ಬಳೇ. ಒಂದು ದಿನ ತನ್ನ ಕೂಸಿನ ಜೊತೆ ಇದನ್ನೂ ಎದೆಗೆ ಹಾಕಿಕೊಂಡಳು, ಮರುದಿನ ಅವಳಿಗೇ ಜ್ವರ ಬಂದು ಎದೆ ಬತ್ತಿತು. ಬೇರೆ ದಾರಿ ಕಾಣದೆ ಆಡಿನ ಹಾಲು ಹಾಕಿದರೆ ಕೂಸು ವಾಂತಿ ಮಾಡಿಕೊಂಡಿತು. ಅದೇ ಹೊತ್ತಿಗೆ ಮೇಲಿನ ತೂಬಿನ ಹತ್ತಿರ ಕಾಲುವೆ ಒಡೆದು ಶಹಾಪುರದ ರಸ್ತೆ ಕೊಚ್ಚಿಹೋಯಿತು. ಬಸ್ಸಿಲ್ಲ, ಗಾಡಿಯಿಲ್ಲ. ನೀಲಿ ಡಬ್ಬಿ ಇದ್ದದ್ದು ಗೌಡನ ಬಜಾರದಲ್ಲಿ ಮಾತ್ರ. ಕಿಟಕಿಯಲ್ಲಿ ಇಣುಕಿದರೆ ಕಾಣುತ್ತಿತ್ತು, ಎರಡನೇ ಸಾಲಿನಲ್ಲಿ.

ಆದರೆ ಗೆರೆ? ಊರಿನ ತಿಪ್ಪೆಯನ್ನೆಲ್ಲ ಕೆದರಿದೆವು. ಅಂಥ ಡಬ್ಬಿಯನ್ನು ಯಾರು ಬಿಸಾಡುತ್ತಾರೆ, ಖಾಲಿಯಾದ ಮೇಲೆ ಬೇಳೆ ತುಂಬಿಡುತ್ತಾರೆ.

ಆಗ ಕರೆಮ್ಮ ಆಸ್ಪತ್ರೆಯ ಕಾಗದ ತೆಗೆದಳು. ಮೂಲೆಯಲ್ಲಿ ಅಂಟಿಸಿದ್ದ ಬಿಳಿ ಚೀಟಿಯ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು.

“ನೋಡ ಲಾಲಮ್ಮ, ನರ್ಸಮ್ಮ ಇಲ್ಲೇ ಹಚ್ಚಿ ಕೊಟ್ಟಾಳ.”

“ಅತ್ತಿ, ಇದು ರಕ್ತ ತಗದ ಸೀಸಿಗಿ ಹಚ್ಚೋ ಚೀಟಿ ಕಾಣ್ತದ.”

“ಗೆರಿ ಅಂದ್ರ ಗೆರಿ. ಅಕಿ ಏನ್ ಸುಮ್ನ ಹಚ್ಚಿರ್ತಾಳೇನು?”

ಅವಳ ತಪ್ಪೇನು? ಗೆರೆ ಎತ್ತಿ ಹಿಡಿದರೆ ಸಾಮಾನು ಬರುತ್ತದೆಂದು ನಮಗೆ ಕಲಿಸಿದವರು ಯಾರು? ಕೂಸನ್ನು ಹರಕು ಸೀರೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಕರೆಮ್ಮ ಹೊರಟಳು. ನಾನು, ಅಯ್ಯಮ್ಮ, ಅಂಬವ್ವ ಬೆನ್ನು ಹತ್ತಿದೆವು.

ಮಧ್ಯಾಹ್ನದ ಬಿಸಿಲು ನೇರ ಕಿಟಕಿಗೆ ಬಡಿಯುತ್ತಿತ್ತು. ಕರೆಮ್ಮ ಕಾಗದ ಎತ್ತಿ ಹಿಡಿದಳು. ಮಿಷನ್ನು ‘ಪೀಂ’ ಅಂದಿತು, ಕರೆಮ್ಮನ ಮುಖ ಅರಳಿತು. ಗೌಡ ಕಂಪ್ಯೂಟರಿನ ಕಡೆ ನೋಡಿದ, ಕಾಗದದ ಕಡೆ ನೋಡಿದ, ಆಮೇಲೆ ಹೊಟ್ಟೆ ಕುಣಿಸಿ ನಕ್ಕ.

“ಏನ್ ತಂದೀಯಬೇ ಮುದುಕಿ? ಇದು ನಿನ್ನ ಮಗಳ ರಕ್ತದ ಗೆರಿ. ರಕ್ತ ಮಾರಲ್ಲ ನಾ. ಅದೂ ನಿಮ್ಮ ರಕ್ತ, ಥೂ!”

“ಧಣೀ, ನೀಲಿ ಡಬ್ಬಿರಿ. ಅಗೋ, ಅಲ್ಲೇ ಕಾಣಾಕತ್ತದ. ಕೂಸು ಮುಂಜಾನಿಂದ ನೀರ ಮ್ಯಾಲ ಅದ.”

“ಕಾಯ್ದಾ ಅಂದ್ರ ಕಾಯ್ದಾ. ಗೆರಿ ತಾ, ಡಬ್ಬಿ ಒಯ್ಯಿ.”

“ಗೆರಿ ಎಲ್ಲಿಂದ ತರ್ಲಿ ನನ್ನಪ್ಪಾ?”

ಗೌಡ ಮಿಷನ್ನು ಕೆಳಗಿಟ್ಟ. ಗ್ರಿಲ್ಲಿನ ಹತ್ತಿರ ಬಂದು ದನಿ ತಗ್ಗಿಸಿದ. “ಎಂಟು ದಿನ ಆತು, ನನ್ನ ಹತ್ತಿ ಹೊಲದಾಗ ಒಡದು ನಿಂತದ. ಕೇರಿ ಹೆಂಗಸ್ರು ಒಬ್ಬಾಕಿ ಹಣಿಕಿ ಹಾಕಿಲ್ಲ. ನಾಳಿ ಎಲ್ಲಾರ್ನೂ ಕರ್ಕೊಂಡು ಬಾ, ಬಿಡಸ್ರಿ. ಸಂಜಿಕ ಡಬ್ಬಿ ಕೊಡ್ತೀನಿ.”

ನಾವು ಯಾಕೆ ಹೋಗಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಹತ್ತಿ ಕದಿಯುತ್ತೀರೆಂದು ಹೇಳಿ ಸಂಜೆ ಹೊಲದ ಬದುವಿನಲ್ಲಿ ಸಾಲಾಗಿ ನಿಲ್ಲಿಸಿ, ಅವನ ಕಾರಭಾರಿ ನಮ್ಮ ಸೀರೆ ಜಾಡಿಸಿ ನೋಡುತ್ತಿದ್ದ. ಒಂದು ಸಂಜೆ ಅಯ್ಯಮ್ಮನ ಕುಪ್ಪಸದೊಳಗೆ ಕೈ ಹಾಕಿದ. ಮುಟ್ಟಿದರೆ ಮೈಲಿಗೆ ಅನ್ನುವ ಜನ! ಆವತ್ತು ಉಡಿ ಬಿಚ್ಚಿ ಹತ್ತಿ ಸುರಿದು ಬಂದವರು ಮತ್ತೆ ಆ ಹೊಲ ತುಳಿದಿರಲಿಲ್ಲ.

ಅಯ್ಯಮ್ಮ ಗ್ರಿಲ್ಲಿನ ಕಡೆ ನೋಡದೆ, “ಬರ್ತೀನಂತ ಹೇಳತ್ತಿ. ನಾನೂ ಬರ್ತೀನಿ. ಕೂಸು ಉಳಿಲಿ” ಅಂದಳು. ಅವಳ ತುಟಿ ಅದುರುತ್ತಿತ್ತು.

“ಬರ್ತೀವ್ರಿ ಧಣಿ” ಅಂದಳು ಕರೆಮ್ಮ. “ಡಬ್ಬಿ ಈಗ ಕೊಡ್ರಿ.”

“ಮೊದಲ ಹತ್ತಿ.”

ಕೂಸು ಅತ್ತಿತು. ಅಳು ಎಂದರೆ ಅಳುವಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಎಳೆ ದನಿ. ಬಜಾರದ ಒಳಗೆ ನಮ್ಮ ಸಾಲಿಯ ಪಾರ್ವತೆಮ್ಮ ಟೀಚರು ಬುಟ್ಟಿ ಹಿಡಿದು ನಿಂತಿದ್ದರು. ಒಳ್ಳೆಯ ಹೆಂಗಸು. ನನಗೆ ಅಕ್ಷರ ಕಲಿಸಿದವರು, ವರ್ಷಕ್ಕೊಮ್ಮೆ ಮಕ್ಕಳ ಕೈಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದರು. ಅವರು ಮೆಲ್ಲಗೆ ಎರಡನೇ ಸಾಲಿಗೆ ಹೋಗಿ ಒಂದು ನೀಲಿ ಡಬ್ಬಿ ತೆಗೆದು ಬುಟ್ಟಿಗೆ ಹಾಕಿಕೊಂಡರು. ನಮ್ಮ ಕಡೆ ಕಣ್ಣಲ್ಲೇ ತಾಳಿ ಎಂದರು.

ಗೌಡ ತಿರುಗಿ ನೋಡಿದ. “ಟೀಚರ್, ನಿಮ್ಮನ್ಯಾಗ ಸಣ್ಣ ಕೂಸಿಲ್ಲಲ್ರಿ?”

ಪಾರ್ವತೆಮ್ಮನವರ ಮುಖ ಬಿಳುಪೇರಿತು. ಅವರು ಇದ್ದದ್ದು ಗೌಡನ ಬಾಡಿಗೆ ಮನೆಯಲ್ಲಿ. “ಅಯ್ಯ, ನೋಡಿರಲಿಲ್ರಿ” ಎಂದು ಡಬ್ಬಿಯನ್ನು ಇದ್ದಲ್ಲೇ ಇಟ್ಟರು. ಅದರ ಮುಖ ಸರಿಯಾಗಿ ಮುಂದೆ ಕಾಣುವಂತೆ ತಿರುಗಿಸಿಯೂ ಇಟ್ಟರು.

ಅದನ್ನು ನೋಡಿದ ಮೇಲೆ ಕರೆಮ್ಮ ಕಾಗದ ಮಡಿಚಿ ಎಲೆಅಡಕೆಯ ಚೀಲಕ್ಕೆ ಹಾಕಿಕೊಂಡಳು, ಕಿಟಕಿ ಬಿಟ್ಟಳು, ಗೋಡೆಯ ಗುಂಟ ನಡೆದು ಮುಂದಿನ ಬಾಗಿಲಿಗೆ ಬಂದಳು. ಗಾಜಿನ ಬಾಗಿಲು. ತಳ್ಳಿದಳು. ಒಳಗೆ ಹೋದಳು. ಮನೆಗೆ ಹೊರಟಳೆಂದುಕೊಂಡಿದ್ದ ನಾವು ಒಂದು ಗಳಿಗೆ ಮಂಗನ ಹಾಗೆ ನಿಂತು, ಅವಳ ಹಿಂದೆಯೇ ನುಗ್ಗಿದೆವು.

ಒಳಗೆ ತಣ್ಣಗಿತ್ತು. ನಮ್ಮ ಮೊಳೆಯ ದಾರದಲ್ಲಿ ತುಂಡಾಗಿ ತೂಗುತ್ತಿದ್ದ ಗೆರೆಗಳೆಲ್ಲ ಅಲ್ಲಿ ಮೈ ಸಮೇತ ಸಾಲಾಗಿ ಕೂತಿದ್ದವು. ಕರೆಮ್ಮ ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಎರಡನೇ ಸಾಲಿಗೆ ಹೋಗಿ ಡಬ್ಬಿ ಎತ್ತಿದಳು.

“ಏ! ಏ ಹಲ್ಕಟ್ ರಂಡೇರಾ! ಹೊರಗ ನಡೀರಿ! ಯಾರ್ ಬಿಟ್ರು ಒಳಗ?” ಗೌಡ ಬಾಯಿ ಬಡಿದುಕೊಂಡ. ಆದರೆ ಕೌಂಟರು ದಾಟಿ ಬರಲಿಲ್ಲ. ತಡೆಯಬೇಕೆಂದರೆ ನಮ್ಮ ಮೈ ಮುಟ್ಟಬೇಕಲ್ಲ. ಬಂದರೆ ನಮ್ಮ ಮೇಲೆ ಬೀಳಬೇಕು, ಬರದಿದ್ದರೆ ಬಜಾರ ಹೋಗುತ್ತದೆ, ಅಡಕೊತ್ತಿನಲ್ಲಿ ಸಿಕ್ಕವನ ಹಾಗೆ ಅಲ್ಲೇ ಕುಣಿದ.

ಮಠದ ಅಯ್ಯನೋರು ಕರ್ಪೂರ, ಊದಿನಕಡ್ಡಿ ಕೊಳ್ಳಲು ಬಂದಿದ್ದರು. ಅಂಬವ್ವನ ಸೆರಗು ಬುಟ್ಟಿಗೆ ತಾಗಿತು. ಅಯ್ಯನೋರು ಬುಟ್ಟಿಯನ್ನು ಅಲ್ಲೇ ಕೈಬಿಟ್ಟು, “ಶಿವ ಶಿವಾ, ಎಲ್ಲಾ ಹೊಲಸಾತು!” ಎಂದು ಹೊರಗೆ ಓಡಿದರು. ಅಂಬವ್ವ ಅವರನ್ನೇ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಳು.

“ಸಕ್ರಿ ಮುಟ್ಟೀನಿ. ರವಾ ಮುಟ್ಟೀನಿ. ದೇವರ ದೀಪದ ಎಣ್ಣಿ ಮುಟ್ಟೀನಿ. ಗೌಡಸಾನಿ ಹಚ್ಕೊಳ್ಳೋ ಪೌಡರ್ ಮುಟ್ಟೀನಿ. ಎಲ್ಲಾ ಮೈಲಿಗ್ಯಾತು ತಗೋ, ಇನ್ನ ಯಾರಿಗಿ ಮಾರ್ತಿ ಮಾರು!”

ಕರೆಮ್ಮ ಡಬ್ಬಿಯನ್ನು ಕೌಂಟರಿನ ಮೇಲೆ ಕುಟ್ಟಿ ಇಟ್ಟಳು. “ಹೊಡೀರಿ ಗೌಡ್ರ. ಗೆರಿ ಡಬ್ಬಿ ಮ್ಯಾಲೇ ಅದಾವ.”

ಗೌಡ ಮಿಷನ್ನು ಕೆಳಗೆಸೆದು ಹಿಂದೆ ಸರಿದ. ನಾನೇ ಎತ್ತಿಕೊಂಡೆ. ಡಬ್ಬಿಯ ತಳಕ್ಕೆ ಹಿಡಿದು ಒತ್ತಿದೆ. ‘ಪೀಂ.’ ಕಂಪ್ಯೂಟರಿನಲ್ಲಿ ಬೆಲೆ ಬಂತು. ಅಲ್ಲೂ ಒಂದು ಚೌಕವಿತ್ತು, ಗಾಜಿನೊಳಗೆ, ಲಕ್ಷ್ಮಿಯ ಪಟದ ಕೆಳಗೆ. ಅದಕ್ಕೆ ನನ್ನ ಫೋನು ಹಿಡಿದೆ. ಪಕ್ಕದಲ್ಲಿದ್ದ ಮಾತಾಡುವ ಡಬ್ಬಿ ಹೆಣ್ಣುದನಿಯಲ್ಲಿ ಇಡೀ ಬಜಾರಕ್ಕೆ ಕೇಳುವಂತೆ ಹಣ ಬಂದಿದೆಯೆಂದು ಸಾರಿತು.

“ಕೇಳಿಸ್ತಾ ಗೌಡ್ರ? ಕದ್ದಿಲ್ಲ” ಅಂದೆ.

ಗೌಡ ಕೌಂಟರಿನ ಹಲಗೆ ಎತ್ತಿ ಹೊರಗೆ ಜಿಗಿದ. ಪಾರ್ವತೆಮ್ಮನವರನ್ನು ಹೊರಗೆ ದಬ್ಬಿಕೊಂಡು ಹೋಗಿ ಧಡಾರನೆ ಶಟರ್ ಎಳೆದ. ಬೀಗ ಬಿದ್ದ ಸದ್ದು ಕೇಳಿತು. “ಕಳ್ಳರು! ಬಜಾರ ಹೊಕ್ಕಾರ! ಪೊಲೀಸ್ರಿಗಿ ಫೋನ್ ಮಾಡ್ರಿ! ಬಡಿಗಿ ತರ್ರೋ!”

ನಾವು ನಾಲ್ವರು ಹೆಂಗಸರು, ಒಂದು ಕೂಸು, ತಲೆಯ ಮೇಲೆ ಉರಿಯುವ ಟ್ಯೂಬ್‌ಲೈಟು. ಅಯ್ಯಮ್ಮ ನೆಲಕ್ಕೆ ಕುಸಿದಳು. “ಸಾಯಿಸ್ತಾರ ಲಾಲಕ್ಕ” ಅಂದಳು. ನನಗೂ ಹಾಗೇ ಅನ್ನಿಸಿತ್ತು.

“ಸಾಯೋದು ಆಮ್ಯಾಲ. ಮೊದಲ ನೀರ್ ಕಾಸ್ರಿ” ಅಂದಳು ಕರೆಮ್ಮ.

ಕೌಂಟರಿನ ಹಿಂದೆ ಗೌಡ ಚಹಾ ಕಾಸಿಕೊಳ್ಳುವ ಕರೆಂಟಿನ ಕೆಟಲಿತ್ತು. ಅಂಬವ್ವ ಅದನ್ನು ತಿಕ್ಕಿ ತೊಳೆದಳು. “ಅವನ ಎಂಜಲ ನಮಗ ಬ್ಯಾಡ” ಅಂದಳು. ನೀರಿನ ಬಾಟಲಿ, ಉಕ್ಕಿನ ಲೋಟ, ಒಂದು ಸಣ್ಣ ಚಮಚ ತಂದು ಒಂದೊಂದನ್ನೇ ಮಿಷನ್ನಿಗೆ ಹಿಡಿದಳು, ನಾನು ಒಂದೊಂದಕ್ಕೇ ರೊಕ್ಕ ಹಾಕಿದೆ. ಪ್ರತಿ ಸಲ ಆ ಮಾತಾಡುವ ಡಬ್ಬಿ ಹಣ ಬಂತೆಂದು ಕೂಗುತ್ತಿತ್ತು. ಹೊರಗೆ ನೆರೆದ ಜನಕ್ಕೂ ಅದು ಕೇಳುತ್ತಿರಬೇಕು. ಕಳ್ಳರ ಬಜಾರದಲ್ಲಿ ಇಷ್ಟೊಂದು ವ್ಯಾಪಾರ ನಡೆಯುವುದನ್ನು ಅವರು ಎಲ್ಲಿ ಕೇಳಿದ್ದರು! ಅಂಬವ್ವನಿಗೆ ನಗು ಬಂತು, ಅಯ್ಯಮ್ಮ ಅಳುತ್ತಲೇ ನಕ್ಕಳು.

ಕಾಸಿ ಆರಿಸಿದ ನೀರಿಗೆ ಪುಡಿ ಕದಡಿ ಕರೆಮ್ಮ ಮೊದಲ ಚಮಚ ಕೂಸಿನ ತುಟಿಗೆ ಹಿಡಿದಳು. ಹಾಲು ಗಲ್ಲದ ಮೇಲೆ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದಕ್ಕೆ ಗಂಟಲು ಗುಟುಕ್ಕೆಂದಿತು.

“ಕುಡೀತು ನನ್ನವ್ವ!” ಎಂದು ಕರೆಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಕಿಟಕಿಯಲ್ಲಿ ಗೌಡನ ಮುಖ ಕಂಡಿತು. ಗ್ರಿಲ್ಲಿನ ಹೊರಗೆ, ಬಿಸಿಲಿನಲ್ಲಿ. ಅವನ ಬೆನ್ನಿಗೆ ಕಾರಭಾರಿ, ಗಿರಣಿಯ ಆಳುಗಳು, ಇನ್ನೂ ಹತ್ತಾರು ತಲೆಗಳು.

“ಏ ಲಾಲಿ! ನನ್ನ ಫೋನ್ ಟೇಬಲ್ ಮ್ಯಾಲ ಅದ. ಇತ್ಲಾಗ ಕೊಡು. ಕೊಡಬೇ ಜಲ್ದಿ!”

ಕುಪ್ಪಸದ ಗುಂಡಿ ಹರಿದುಕೊಂಡು ಬಂದ ದಿನದಿಂದ ತಲೆ ತಗ್ಗಿಸಿಯೇ ನಡೆಯುತ್ತಿದ್ದ ಅಯ್ಯಮ್ಮ ಎದ್ದಳು. ಮಿಷನ್ನು ಎತ್ತಿಕೊಂಡಳು. ಗ್ರಿಲ್ಲಿನ ಹತ್ತಿರ ಹೋದಳು.

“ಗೆರಿ ತೋರಸ್ರಿ ಗೌಡ್ರ.”

“ಏನಂದಿ?”

“ಕಾಯ್ದಾ ಅಂದ್ರ ಕಾಯ್ದಾ. ಗೆರಿ ತೋರಸ್ರಿ, ಸಾಮಾನ ಒಯ್ರಿ.”

ಗೌಡನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಅಯ್ಯಮ್ಮ ಮಿಷನ್ನನ್ನು ಅದಕ್ಕೇ ಹಿಡಿದು ಒತ್ತಿದಳು. ಕೆಂಪು ಗೆರೆ ಅಡ್ಡ ಬಿತ್ತು, ಉದ್ದ ಬಿತ್ತು. ಮಿಷನ್ನು ಸದ್ದು ಮಾಡಲಿಲ್ಲ. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಗೌಡ ಗ್ರಿಲ್ಲಿನಿಂದ ಒಳಗೆ ಕೈ ತೂರಿಸಿ ಅವಳ ಜುಟ್ಟಿಗೆ ಬಾಚಿದ, ಸಿಗಲಿಲ್ಲ. “ಪೊಲೀಸ್ರು ಬರೋದು ಬ್ಯಾಡ! ಶಟರ್ ತೆಗೀರೋ! ಒಬ್ಬಾಕಿನೂ ಜೀವಂತ ಮನಿಗಿ ಹೋಗಬಾರದು!” ಎಂದು ಕಿರುಚುತ್ತ ಮುಂಬಾಗಿಲಿಗೆ ಓಡಿದ.

ನಾನು ಕರೆಮ್ಮನ ಕಡೆ ನೋಡಿದೆ. ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಚಮಚದಿಂದ ಹನಿಹನಿಯಾಗಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

“ಇನ್ನಾ ಅರ್ಧ ಲೋಟ ಅದ. ಮುಗೀತನಕ ಯಾರ್ನೂ ಒಳಗ ಬಿಡಬ್ಯಾಡ್ರಿ” ಅಂದಳು.

ಗೋಡೆಯ ಬದಿಗೆ ಗೌಡನ ಗಿರಣಿಯ ಅಕ್ಕಿ ಚೀಲಗಳು ಆಳೆತ್ತರ ಪೇರಿಸಿದ್ದವು. ನಾಟಿ ಹಚ್ಚುವಾಗ ಕೆಸರಿನಲ್ಲಿ ನಾವು ಸೊಂಟ ಮುರಿದುಕೊಂಡ ಗದ್ದೆಯ ಅಕ್ಕಿಯೇ ಅದು. ಚೀಲದ ಭಾರ ನಮಗೆ ಹೊಸದಲ್ಲ. ಅಂಬವ್ವ ಗಾಜಿನ ಬಾಗಿಲನ್ನು ಒಳಕ್ಕೆ ತೆರೆದಿಟ್ಟು, ಒಂದನ್ನು ಎಳೆದು ಶಟರಿಗೆ ಒತ್ತಿದಳು. ನಾನು ಇನ್ನೊಂದು ಎಳೆದೆ. ಅದರ ಮೇಲೊಂದು, ಅದರ ಮೇಲೆ ಮತ್ತೊಂದು.

ಹೊರಗೆ ಬೀಗ ಕಳಚಿತು. ಶಟರು ಗೇಣುದ್ದ ಮೇಲೆದ್ದಿತು. ಚೀಲಗಳ ಸಂದಿಯಲ್ಲಿ ಚಪ್ಪಲಿಗಳು ಕಂಡವು, ಬಡಿಗೆಗಳ ತುದಿ ಕಂಡಿತು, ಒಂದು ಕೊಡಲಿಯೂ ಕಂಡಿತು. ಅಯ್ಯಮ್ಮ ಮಿಷನ್ನು ಕೆಳಗಿಟ್ಟು ಬಂದು ಮುಂದಿನ ಚೀಲದ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿಯನ್ನು ನಾನು ಹಿಡಿದೆ.